ಅಂಗಡಿ ಫೋನಿನಲ್ಲಿ ಎಲ್ಲರೂ ಆರಾಮ

ಶಿವದೇವಿಯವರ ಕೆಲಸ ಏನೆಂದು ಕೇಳಿದರೆ ನಮ್ಮ ವಠಾರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನರ್ಸು ಎಂದವರೇ ಹೆಚ್ಚು. ಅವರು ನರ್ಸು ಅಲ್ಲ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಕುಡಿತ ಬಿಡಿಸುವ ಒಂದು ಕೇಂದ್ರವಿತ್ತು. ಅಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಹೋದವರನ್ನು ತಿಂಗಳಿಗೊಮ್ಮೆ ವಿಚಾರಿಸುವುದು ಅವರ ಕೆಲಸ. ಮತ್ತೆ ಕುಡಿಯುತ್ತಿದ್ದಾರೆಯೇ, ಮಾತ್ರೆ ನುಂಗುತ್ತಿದ್ದಾರೆಯೇ, ಕೆಲಸಕ್ಕೆ ಹೋಗುತ್ತಿದ್ದಾರೆಯೇ ಎಂದು ಕೇಳಿ, ಬಂದ ಉತ್ತರವನ್ನು ಕಂಪ್ಯೂಟರಿಗೆ ಹಾಕಿಸಬೇಕು.

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ಆದರೂ ಶಿವದೇವಿ ವಿಚಾರಿಸುತ್ತಿದ್ದ ಹೆಚ್ಚಿನ ಮನೆಗಳಲ್ಲಿ ಫೋನಿರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ನಂಬರು ಕೊಟ್ಟಿರುತ್ತಿದ್ದರು. ಅಂಗಡಿಯವನು ಕೂಗಿ ಕರೆಯುತ್ತಿದ್ದ, ಹೆಂಡತಿ ಓಡಿ ಬರುತ್ತಿದ್ದಳು, "ಆರಾಮ ಅದಾರ್ರಿ" ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ತೆಲುಗಿನವರು ತೆಲುಗಿನಲ್ಲಿ, ಹಿಂದಿಯವರು ಹಿಂದಿಯಲ್ಲಿ ಹೇಳುತ್ತಿದ್ದುದೂ ಅದನ್ನೇ.

ಈ ಕೆಲಸ ಅವರಿಗೆ ಸಿಕ್ಕಿದ್ದು ಗಂಡ ಸಂಗಣ್ಣನಿಂದ. ಹುಮನಾಬಾದಿನ ಕಡೆಯ ಸಂಗಣ್ಣ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಆಪರೇಟರ್. ದೊಡ್ಡ ಉಕ್ಕಿನ ಪಾತ್ರೆಯೊಳಗೆ ರಾಸಾಯನಿಕ ಬಿಡುವ ವಾಲ್ವು ಅವನ ಕೈಯಲ್ಲಿತ್ತು. ಕುಡಿತದಿಂದ ನೌಕರಿ ಕಳೆದುಕೊಂಡ, ಈ ಕೇಂದ್ರದಲ್ಲಿ ಇದ್ದು ಸುಧಾರಿಸಿದ. ಈತ ಕುಡಿಯುತ್ತಿಲ್ಲ ಎಂದು ಕೇಂದ್ರದಿಂದ ಪ್ರತಿ ತಿಂಗಳು ಪತ್ರ ತರಬೇಕು, ಆ ಷರತ್ತಿನ ಮೇಲೆ ಕಾರ್ಖಾನೆ ಅವನನ್ನು ಮತ್ತೆ ಸೇರಿಸಿಕೊಂಡಿತು. ಕೇಂದ್ರದ ಡಾಕ್ಟರ್ ನರಹರಿ ಹೊಸದಾಗಿ ಬಂದ ಹೆಂಗಸರ ಮುಂದೆ ಶಿವದೇವಿಯನ್ನು ನಿಲ್ಲಿಸಿ, "ಇವರ ಯಜಮಾನರೂ ನಿಮ್ಮವರ ಹಾಗೇ ಇದ್ದರು, ಈಗ ನೋಡಿ" ಎನ್ನುತ್ತಿದ್ದರು. ಹೆಂಗಸರು ನೋಡುತ್ತಿದ್ದರು. ಶಿವದೇವಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಸಂಗಣ್ಣ ಏಲಕ್ಕಿ ಅಗಿಯತೊಡಗಿದ. ಕೆಲಸದಿಂದ ಬಂದವನು ಮೊದಲು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಆಮೇಲೆ ಮೆಟ್ಟಿಲು ಹತ್ತುತ್ತಿದ್ದ. ಗುರುವಾರ ಸಂಜೆ ಕೇಂದ್ರದಲ್ಲಿ ಮನೆಗೆ ಹೋದವರಿಗೂ ಅವರ ಮನೆಯವರಿಗೂ ಒಂದು ಸಭೆ ನಡೆಯುತ್ತಿತ್ತು. ಅದಕ್ಕೆ ಬರುವುದನ್ನೂ ಬಿಟ್ಟ. ಶಿವದೇವಿ ಏನೂ ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಬರೆಯಬೇಕಾಗುತ್ತದೆ, ಬರೆದರೆ ಪತ್ರ ನಿಲ್ಲುತ್ತದೆ. ಕುಡಿದದ್ದು ದಾಖಲಾದವರಿಗೆ ಪತ್ರವಿಲ್ಲ ಎಂಬುದು ಕೇಂದ್ರದ ನಿಯಮ. ಆ ದಿನಗಳಲ್ಲಿ ಓಣಿಯಲ್ಲಿ ಆಂಬುಲೆನ್ಸಿನ ಸದ್ದಾದರೆ ಅವರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಿಂತುಬಿಡುತ್ತಿದ್ದರು. ಇದನ್ನು ನಾನೇ ನೋಡಿದ್ದೇನೆ. ಮುಂದಿನದು ಅವರು ಹೇಳಿದ್ದು.

ಭಾನುವಾರಗಳಂದು ಅನ್ವಿತಾ ಎಂಬ ಹುಡುಗಿ ಕೇಂದ್ರಕ್ಕೆ ಬರುತ್ತಿದ್ದಳು. ಉಡುಪಿಯ ಕಡೆಯವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ರಜೆಯಲ್ಲಿ ಸೇವೆ ಎಂದು ಕಂಪ್ಯೂಟರಿನ ಲೆಕ್ಕ ನೋಡಿಕೊಡುತ್ತಿದ್ದಳು. ಒಂದು ಭಾನುವಾರ ಅವಳು ವರ್ಷದ ಉತ್ತರಗಳನ್ನೆಲ್ಲ ಒಟ್ಟು ಮಾಡಿ ನಕ್ಷೆ ಬಿಡಿಸಿದಳು. ಗುರುವಾರದ ಸಭೆಗೆ ಬಂದವರೂ ಚೆನ್ನಾಗಿದ್ದರು, ಬಾರದವರೂ ಅಷ್ಟೇ ಚೆನ್ನಾಗಿದ್ದರು. ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದವು.

"ಹಾಗಾದರೆ ಸಭೆ ಯಾಕೆ?" ಎಂದರು ನರಹರಿ. "ಅದನ್ನು ನಿಲ್ಲಿಸಿ ಆ ಖರ್ಚಿನಲ್ಲಿ ಎರಡು ಹಾಸಿಗೆ ಹೆಚ್ಚಿಸೋಣ. ಮುಂದಿನ ವಾರ ನಿರ್ಧಾರ ಮಾಡಿಬಿಡ್ತೀನಿ."

ಅನ್ವಿತಾ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. "ಇಷ್ಟು ಚಂದ ಬರ್ಲಿಕ್ಕೆ ಉಂಟಾ ಡಾಕ್ಟ್ರೇ? ನಮ್ಮ ಕಂಪನಿಯಲ್ಲಿ ಇಂಥ ಗೆರೆ ಬಂದ್ರೆ ಲೆಕ್ಕ ತಪ್ಪುಂಟು ಅಂತ ಮೊದ್ಲು ನಮ್ಗೇ ಬೈತಾರೆ." ಆಮೇಲೆ ಶಿವದೇವಿಯ ಕಡೆ ತಿರುಗಿ, "ಅಕ್ಕಾ, ಇವ್ರೆಲ್ಲ ನಿಜವನ್ನೇ ಹೇಳ್ತಾರಾ?" ಎಂದಳು.

"ಹೇಳ್ತಾರ್ರಿ. ಯಾಕ ಸುಳ್ಳ ಹೇಳ್ತಾರ?"

"ನಿಮ್ಮ ಸಂಗಣ್ಣನವರದ್ದು ಈ ತಿಂಗಳು ಖಾಲಿ ಉಂಟು. ಏನು ಹಾಕ್ಲಿ?"

"ಆರಾಮ ಅದಾರಂತ ಹಾಕ್ರಿ."

ಹೇಳಿದ ಮೇಲೆ ಆ ಮಾತು ಶಿವದೇವಿಗೆ ಬೇರೆ ಯಾರದೋ ಬಾಯಿಂದ ಬಂದಂತೆ ಕೇಳಿಸಿತು. ಅಂಗಡಿಯ ಫೋನಿನಲ್ಲಿ ದಿನವೂ ಕೇಳುತ್ತಿದ್ದ ದನಿ ಅದೇ. ಅಷ್ಟೇ ಬೇಗ, ಅಷ್ಟೇ ಚಿಕ್ಕದು.

ಮರುದಿನ ಅವರು ಫೋನು ಮಾಡಲಿಲ್ಲ. ಬೇಗಂ ಬಜಾರಿಗೆ ನಡೆದು ಹೋದರು. ಅಲ್ಲಿ ಮೂಟೆ ಹೊರುವವನೊಬ್ಬನ ಹೆಂಡತಿ ಸುಗಲಮ್ಮ ಪ್ರತಿ ತಿಂಗಳೂ "ಆರಾಮ" ಎಂದವಳು. ಸಾಬೂನಿನ ಗೋದಾಮುಗಳ ಹಿಂದೆ ಅವಳ ಕೋಣೆ. ಗಂಡ ಹಣೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೋಣೆಯ ವಾಸನೆಯೇ ಎಲ್ಲ ಹೇಳುತ್ತಿತ್ತು.

"ಯಾವಾಗಿಂದ ಸುಗಲಮ್ಮ?"

"ದಸರಾದಿಂದ. ನಿನ್ನಿ ಬಂಡಿ ಮ್ಯಾಲಿಂದ ಬಿದ್ದ."

"ಮತ್ತ ಫೋನ್ನಾಗ ಆರಾಮ ಅಂದ್ಯಲ್ಲ?"

ಸುಗಲಮ್ಮನಿಗೆ ಸಿಟ್ಟು ಬಂತು. "ಮತ್ತೇನನ್ಲಿ? ಅಂಗಡಿ ಸೇಟಜಿ ತಕ್ಕಡಿ ಬಿಟ್ಟು ಕಿವಿ ಇಲ್ಲೇ ಇಟ್ಟಿರ್ತಾನ, ಹಿಂದ ನಾಕು ಮಂದಿ ಎಣ್ಣಿ ಬಾಟ್ಲಿ ಹಿಡಕೊಂಡು ನಿಂತಿರ್ತಾರ. ನನ್ನ ಗಂಡ ಕುಡದು ಬಿದ್ದಾನ ಅಂತ ಡಂಗುರ ಹೊಡೀಲೇನು? ಸಾಲಿಗೆ ಹೋಗೋ ಮಗಳದಾಳ ನನಗ. ನಿಮಗೇನ್ರೀ ಅಕ್ಕಾ, ನಿಮ್ಮ ಗಂಡ ದೇವ್ರಾಗ್ಯಾನ. ದೇವ್ರ ಹೆಂಡ್ತಿ ಮುಂದ ನಾ ಹೆಂಗ ಹೇಳ್ಲಿ?"

ಶಿವದೇವಿ ಹೊಸ್ತಿಲ ಮೇಲೆ ಕುಳಿತರು. "ನನ್ನ ಗಂಡನೂ ಕುಡ್ಯಾಕತ್ತಾನ ಸುಗಲಮ್ಮ" ಎಂದರು. ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ. ಸುಗಲಮ್ಮ ಸ್ಟೋವಿನ ಮೇಲೆ ಚಹಾಕ್ಕೆ ನೀರಿಟ್ಟಳು.

ಆದರೆ ಶಿವದೇವಿ ಚಹಾಕ್ಕೆ ಕಾಯಲಿಲ್ಲ. ಬಂಡಿಯಿಂದ ಬಿದ್ದವನ ಹಣೆ ಕಣ್ಣ ಮುಂದೆ ಇತ್ತು. ಸಂಗಣ್ಣ ಬೀಳುವುದು ಬಂಡಿಯಿಂದಲ್ಲ. ಅವನ ಕೈ ತಪ್ಪಿದರೆ ಹೋಗುವುದು ಅವನೊಬ್ಬನೂ ಅಲ್ಲ. ಅವರು ಆಟೋ ಹಿಡಿದು ಮನೆಗೆ ಬಂದಾಗ ಸಂಗಣ್ಣ ಮಧ್ಯಾಹ್ನದ ಪಾಳಿಗೆ ಹೊರಟು ನಿಂತಿದ್ದ.

"ಇವತ್ತ ಹೋಗಬ್ಯಾಡ್ರಿ."

"ಯಾಕ?"

"ಕೈ ತೋರಸ್ರಿ."

ಅವನು ಕೈ ಹಿಂದೆ ಇಟ್ಟುಕೊಂಡ. "ನೀ ಏನ್ ಡಾಕ್ಟರಾ? ಅಲ್ಲಿ ಹೋಗಿ ಬರದ್ಯಂದ್ರ ನನ್ನ ನೌಕ್ರಿ ಹೋಗ್ತೈತಿ, ತಿಳೀತೇನು? ಎರಡನೇ ಸಲ ಯಾರೂ ಕರ್ಯಂಗಿಲ್ಲ."

"ನೌಕ್ರಿ ಹೋದ್ರ ಹೋಗ್ಲಿ. ಅಲ್ಲಿ ಏನರ ಆದ್ರ ನಿಮ್ಮನ್ನ ಎಲ್ಲಿಂದ ತರ್ಲಿ?"

ಅವನು ಹೊಸ್ತಿಲೊಳಗೇ ನಿಂತ. ಚಪ್ಪಲಿಯನ್ನೂ ಬಿಡಲಿಲ್ಲ, ಮೆಟ್ಟಿಲನ್ನೂ ಇಳಿಯಲಿಲ್ಲ. ಶಿವದೇವಿ ಹೊರಗಿನಿಂದ ಚಿಲಕ ಹಾಕಿಕೊಂಡು ನೇರ ಕೇಂದ್ರಕ್ಕೆ ಹೋದರು. ಹಾಗೆ ಮಾಡಿದ್ದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ಯೋಚಿಸಿದರಂತೆ.

ನರಹರಿಯವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು, "ನಮ್ಮನಿಯವ್ರು ಕುಡೀತಾರ್ರಿ ಸರ್. ನಿನ್ನಿ ನಾ ಸುಳ್ಳ ಹಾಕ್ಸೀನಿ" ಎಂದರು. ಡಾಕ್ಟರು ಕನ್ನಡಕ ತೆಗೆದರು. ಮೊದಲು ಅವರಿಗೆ ಬಂದದ್ದು ಬೇಸರ. "ನೀವೇ ಹೀಗೆ ಮಾಡಿದರೆ ಹೇಗಮ್ಮ?" ಎಂದರು.

"ನಾನೇ ಮಾಡೀನಂದ್ರ ಉಳದವ್ರು ಮಾಡಿರಂಗಿಲ್ಲೇನ್ರಿ? ಖರೆ ಹೇಳಿದ್ರ ನೀವು ಪತ್ರ ಕೊಡಂಗಿಲ್ಲ. ಅಂಗಡಿ ಮುಂದ ನಿಂತು ಹೇಳಾಕ ಮರ್ಯಾದಿ ಬಿಡಂಗಿಲ್ಲ. ಆ ಗೆರಿ ನೋಡಿ ಗುರುವಾರದ ಸಭಾ ಬಂದ್ ಮಾಡಬ್ಯಾಡ್ರಿ."

ನರಹರಿ ಅನ್ವಿತಾಳಿಗೆ ಫೋನು ಮಾಡಿದರು. ಅವಳು ಆಫೀಸಿನಿಂದಲೇ ಕೇಳಿದ್ದು ಒಂದೇ ಪ್ರಶ್ನೆ: ಯಾವ ಉತ್ತರ ಅಂಗಡಿಯಲ್ಲಿ ನಿಂತು ಹೇಳಿದ್ದು, ಯಾವುದು ಮನೆಯೊಳಗೆ ಕೂತು ಹೇಳಿದ್ದು, ಬೇರೆ ಮಾಡಿ ಕೊಡಲು ಆಗುತ್ತದೆಯೇ? ಆ ವಾರ ಶಿವದೇವಿ ಮನೆ ಮನೆಗೆ ಹೋದರು. ಮೊದಲು ತಮ್ಮ ಮನೆಯ ಸುದ್ದಿ ಹೇಳಿ, ಆಮೇಲೆ ಅವರ ಮನೆಯದು ಕೇಳಿದರು. ಮುಂದಿನ ಭಾನುವಾರ ನಕ್ಷೆಯಲ್ಲಿ ಎರಡು ಗೆರೆಗಳೂ ಕೆಳಗಿಳಿದಿದ್ದವು. ಸಭೆಗೆ ಬಾರದವರದು ತೀರ ಕೆಳಗೆ ಹೋಗಿತ್ತು. ಸಭೆ ಉಳಿಯಿತು. ಪತ್ರದ ನಿಯಮವೂ ಬದಲಾಯಿತು. ಮತ್ತೆ ಕುಡಿದವನು ಚಿಕಿತ್ಸೆಗೆ ಮರಳಿದರೆ, ಅವನು ಒಪ್ಪಿದರೆ, 'ಚಿಕಿತ್ಸೆಯಲ್ಲಿದ್ದಾನೆ, ಅಪಾಯದ ಕೆಲಸ ಕೊಡಬೇಡಿ' ಎಂದು ಬರೆದುಕೊಡುವುದು ಎಂದಾಯಿತು.

ಅಂಥ ಮೊದಲ ಪತ್ರ ಸಂಗಣ್ಣನದೇ. ಚಿಲಕ ಹಾಕಿದ ದಿನ ಸಂಜೆಯೇ ಶಿವದೇವಿ ಅವನನ್ನು ಕರೆತಂದು ಸೇರಿಸಿದ್ದರು, ಆ ವಾರ ಅವನು ಕೇಂದ್ರದ ಹಾಸಿಗೆಯ ಮೇಲಿದ್ದ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಸಹಿ ಮಾತ್ರ ಹಾಕಿದ. ಕಾರ್ಖಾನೆಗೆ ಒಬ್ಬನೇ ಹೋಗಲಾರೆ ಎಂದದ್ದೇ ಅವನ ಮೊದಲ ಮಾತು.

ಗೇಟಿನ ಹತ್ತಿರ ಸೂಪರ್‌ವೈಸರ್ ಪತ್ರವನ್ನು ಎರಡು ಸಲ ಓದಿದ. "ಯೇ ಪಹಲೀ ಬಾರ್ ಐಸಾ ಲೆಟರ್ ಆಯಾ" ಎಂದು, ಇಂಥ ಪತ್ರ ಬಂದದ್ದು ಇದೇ ಮೊದಲು ಎನ್ನುತ್ತ ಇಬ್ಬರನ್ನೂ ನೋಡಿದ. ದೊಡ್ಡ ಸಾಹೇಬರು ಊರಿನಲ್ಲಿರಲಿಲ್ಲ. ನೌಕರಿ ಇರುತ್ತದೋ ಇಲ್ಲವೋ ಅವರು ಬಂದ ಮೇಲೆ ತಿಳಿಯಬೇಕು. ಅಲ್ಲಿಯವರೆಗೆ ಗೋದಾಮಿನಲ್ಲಿ ಡ್ರಮ್ಮುಗಳಿಗೆ ಚೀಟಿ ಅಂಟಿಸಲಿ ಎಂದ.

ಸಂಗಣ್ಣ ಒಳಗೆ ಹೋದ. ಗೇಟು ದಾಟಿದರೆ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಅವನು ವಾಲ್ವು ತಿರುಗಿಸುತ್ತಿದ್ದ ಹಳೆಯ ಶೆಡ್ಡು, ಎಡಕ್ಕೆ ಗೋದಾಮು. ಶಿವದೇವಿ ಗೇಟಿನ ಸರಳು ಹಿಡಿದು ನಿಂತಿದ್ದರು. ಅವನು ಕವಲಿನಲ್ಲಿ ಒಂದು ಕ್ಷಣ ನಿಂತ, ಯಾರೋ ಶೆಡ್ಡಿನಿಂದ ಹೆಸರು ಹಿಡಿದು ಕೂಗಿದರು. ಅವನು ಆ ಕಡೆ ಕೈ ಎತ್ತಿ ತೋರಿಸಿ, ಎಡಕ್ಕೆ ನಡೆದ.