ದೊಡ್ಡ ಬಾಯಿಯ ಮಷಿನ್

ಪೂಜೆ ಮುಗಿಸಿ ರೊಟ್ಟಿ ತಟ್ಟುತ್ತಿದ್ದೆ. ಪಕ್ಕದ ಮನೆಯ ಮೈದುನ ಹೊಸ್ತಿಲಲ್ಲೇ ನಿಂತು ಸುದ್ದಿ ಒದರಿದ.

"ವೈನಿ, ಭತ್ತ ಕೊಯ್ಯೋ ಮಷಿನ್ ನಾವ ತಗೋಳಾಕತ್ತೇವಿ! ಅಂಥಾ ದೊಡ್ಡ ಬಾಯಿದು ಅಕ್ಕಿಆಲೂರಾಗ ಯಾರ ಹತ್ರಾನೂ ಇಲ್ಲ."

ಪೈರು ಕತ್ತರಿಸುವ ಮುಂದಿನ ಅಗಲವಾದ ಭಾಗಕ್ಕೆ ನಮ್ಮಲ್ಲಿ ಬಾಯಿ ಎನ್ನುತ್ತಾರೆ.

"ದೊಡ್ಡ ಬಾಯಿ ನಮ್ಮ ಮನ್ಯಾಗ ಆಗಲೇ ಒಂದೈತಿ," ಎಂದರು ನಮ್ಮ ಮನೆಯವರು, ನನ್ನ ಕಡೆ ನೋಡದೆ. ನಾನು ರೊಟ್ಟಿಯನ್ನು ತುಸು ಜೋರಾಗಿಯೇ ತಟ್ಟಿದೆ.

ಆದರೆ ಮೈದುನನ ಮುಂದಿನ ಮಾತಿಗೆ ಕೈ ನಿಂತುಹೋಯಿತು. ಹೊಲದ ದಾರಿ ಇಕ್ಕಟ್ಟು; ತಿರುವಿನ ಬಿಲ್ವಪತ್ರಿ ಗಿಡ ಕಡಿಯಬೇಕಂತೆ. ಆ ಗಿಡದ ಎಲೆ ಶಿವನಿಗೆ ಏರಿಸದೆ ನಾನು ಬಾಯಿಗೆ ನೀರು ಹಾಕಿದವಳಲ್ಲ. ಅತ್ತರೆ ಇವರು ಕೇಳುವವರೂ ಅಲ್ಲ. ದೇವರೇ ಒಂದು ಬುದ್ಧಿ ಕೊಟ್ಟ.

"ಕಪಾಟು ತರೋ ಮೊದಲ ಬಾಗಲಾ ಅಳೀತೇವಿ. ಇದಕ್ಕೂ ಹಂಗ ನೋಡ್ರಿ. ಮಷಿನ್ ಬಾಯಿಯಷ್ಟ ಉದ್ದದ ಬಿದಿರು ಟ್ರ್ಯಾಕ್ಟರಿಗೆ ಅಡ್ಡ ಕಟ್ಟಿ ಹೊಲದ ತನಕ ಹೊಡಕೊಂಡ ಹೋಗ್ರಿ. ಎಲ್ಲಿ ಬಡಿತೈತೋ ಅದನ್ನ ಕಡದ್ರಾತು."

"ಶಾಣ್ಯಾಕಿ ಅದಾಳ ನಮ್ಮ ವೈನಿ!" ಎಂದು ಮೈದುನ ಬಿದಿರನ್ನು ತಾನೇ ಕಟ್ಟಿದ.

ಟ್ರ್ಯಾಕ್ಟರ್ ಹೊರಟಿತು; ನಾನೂ ಹಿಂದೆಯೇ ನಡೆದೆ. ಪತ್ರಿ ಗಿಡ ಇನ್ನೂ ದೂರವಿತ್ತು. ಬಿದಿರಿನ ತುದಿ ಠಪ್ಪನೆ ಬಡಿದದ್ದು ಮೈದುನನ ಹೊಸ ಕಾಂಪೌಂಡಿನ ಕಂಬಕ್ಕೆ. ಗುಲಾಬಿ ಬಣ್ಣದ ಕಂಬ, ಅದರ ಮೇಲೊಂದು ಸಿಮೆಂಟಿನ ನವಿಲು. ದಾರಿ ಎಲ್ಲಕ್ಕಿಂತ ಇಕ್ಕಟ್ಟಾದದ್ದು ಅಲ್ಲೇ ಎಂದು ದಿನಾ ಪತ್ರಿಗೆ ನಡೆದುಹೋಗುವ ನನಗೆ ಗೊತ್ತಿತ್ತು. ಬೈಕಿನಲ್ಲಿ ಓಡಾಡುವವರಿಗೆ ಗೊತ್ತಿರಲಿಲ್ಲ.

"ಕಂಬ ಕಡೀಬೇಕಲ್ಲಪಾ," ಎಂದರು ನಮ್ಮವರು.

"ಏ, ಸುಮ್ನಿರಣ್ಣ!" ಮೈದುನ ಕಂಬಕ್ಕೆ ಅಡ್ಡ ನಿಂತ. "ನಮ್ಮ ಗದ್ದಿ ಸಣ್ಣಾವು. ಅಷ್ಟ ದೊಡ್ಡದು ತಿರಗೂದರ ಎಲ್ಲಿ? ಹಸಿ ಮಣ್ಣಾಗ ಹುಗದ ಕುಂತರ ಎತ್ತವ್ರ ಯಾರು? ಸಣ್ಣ ಬಾಯಿದ ಸಾಕು. ಮೊದಲಿಂದ ನಾ ಅದನ್ನ ಹೇಳಾಕತ್ತೇನಿ!"

"ಹೌದಪಾ, ನೀನ ಹೇಳಿದ್ದಿ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಸಣ್ಣ ಮಷಿನ್ನಿನ ಅಳತೆಗೆ ಬಿದಿರನ್ನು ಕಡಿದು ಮತ್ತೆ ಕಟ್ಟಿದರು. ಟ್ರ್ಯಾಕ್ಟರ್ ಕಂಬ ದಾಟಿತು, ಗಿಡ ದಾಟಿತು, ಒಂದು ಎಲೆಯನ್ನೂ ಮುಟ್ಟದೆ ಹೊಲ ಸೇರಿತು. ಶಿವ ದೊಡ್ಡವನು, ಗಿಡ ಉಳಿಸಿದ್ದಲ್ಲದೆ, ಹಿತ್ತಲಲ್ಲಿ ಜೋತುಬಿದ್ದ ತಂತಿಗೆ ಆಸರೆ ಕೊಡಲು ಒಂದು ತುಂಡು ಬಿದಿರನ್ನೂ ದಯಪಾಲಿಸಿದ. ಅದನ್ನು ನೆಟ್ಟು, ಒದ್ದೆ ಬಟ್ಟೆ ಹಿಂಡಿ ಒಣಹಾಕತೊಡಗಿದೆ.