ಮೊದಲ ಕೂಗಿಗೆ ಓಗೊಡದವರು

ನಾನು ಸರಕಾರಿ ಕಾಗದ ತಿದ್ದುವ ಕಾಲ ಬರುವುದೇ ಇಲ್ಲ ಎಂದವರು ನನ್ನ ಸೋದರಮಾವ ಬಸಪ್ಪ. 'ಹೆಬ್ಬೆಟ್ಟಿನ ಮನಿತನದಾಕಿ, ಸರಕಾರದ ತಪ್ಪು ತಗೀತಾಳಂತ' ಎಂದು ನಕ್ಕಿದ್ದರು. ಅದೇ ಮನೆಯಲ್ಲಿ ಅವ್ವ ಕಲಿಸಿದ್ದು ಬೇರೆ ಪಾಠ: ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓ ಅನ್ನಬಾರದು, ಕೂಗಿದ್ದು ಮನುಷ್ಯರೋ ಅಲ್ಲವೋ ತಿಳಿಯಬೇಕಲ್ಲ. ಬಿದ್ದು ಎದ್ದು ಪಾಸಾಗಿ ಮನೆತನದ ಮೊದಲ ಪದವೀಧರೆಯಾದ ಮೇಲೆ ನಾನು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿ, ಎಲ್ಲರ ಮೊದಲ ಕೂಗಿಗೂ ಓಗೊಡತೊಡಗಿದೆ. ಮ್ಯಾನೇಜರ್‌ಗಳಿಗೆ ಅದು ಬಹಳ ಹಿಡಿಸಿತು.

ಅಮೆರಿಕದ ಹರ್ನ್‌ಡನ್‌ ಎಂಬ ಊರಿನ ಆಫೀಸಿನಲ್ಲಿ ನನ್ನ ಕೆಲಸ, ಕಣ್ಣಿಲ್ಲದವರಿಗಾಗಿ ಸರಕಾರಿ ದಾಖಲೆಗಳನ್ನು ಓದುವ ಯಂತ್ರದ ದನಿ ಸರಿಯಾಗಿ ಓದುತ್ತಿದೆಯೇ ಎಂದು ಕೇಳಿ ನೋಡುವುದು. ಹೋದ ಚಳಿಗಾಲದಲ್ಲಿ ಬಂದದ್ದು ಹವಾಯಿಯ ಹಳೆಯ ಸ್ಮಶಾನವೊಂದರ ದಾಖಲೆ. ಅಲ್ಲಿಯ ನುಡಿಯಲ್ಲಿ ಉಸಿರನ್ನು ಗಂಟಲಲ್ಲಿ ಕ್ಷಣ ತಡೆಯುವುದಕ್ಕೂ ಒಂದು ಅಕ್ಷರವಿದೆ, ಒಕಿನ ಎಂದು, ತಲೆಕೆಳಗಾದ ಅಲ್ಪವಿರಾಮದಷ್ಟು ಪುಟ್ಟ ಗುರುತು. ಹಿಂದೆ ಯಾರೋ ಅದನ್ನು ನೊಣದ ಹಿಕ್ಕೆಯೆಂದು ಬಗೆದು ಒರೆಸಿಹಾಕಿದ್ದರು. ಸತ್ತವರ ಹೆಸರುಗಳಿಗೆ ಅದನ್ನು ಮರಳಿಸಿ ದಾಖಲೆ ಪಾಸು ಮಾಡಿಸಿದರೆ ನನಗೆ ಪರಿಶೀಲಕಿಯ ಸರ್ಟಿಫಿಕೇಟು. ಇಲ್ಲವಾದರೆ ಕೆಲಸದ ಜೊತೆಗೆ ವೀಸಾದ ಕಥೆಯೂ ಮುಗಿಯುತ್ತಿತ್ತು.

ವಿಡಿಯೋದಲ್ಲಿ ಭಾಷೆ ನೋಡಿಕೊಡುತ್ತಿದ್ದ ಹವಾಯಿಯ ಹಿರಿಯಳನ್ನು, ನಮ್ಮವರಂತೆಯೇ, ಅಲ್ಲಿಯವರೂ ಆಂಟಿ ಎನ್ನುತ್ತಿದ್ದರು. ಓದುವ ಮೊದಲು ಆಕೆ ತಾನು ಯಾರ ಮಗಳು, ಯಾವ ಊರಿನವಳು ಎಂದು ಆ ಹೆಸರುಗಳಿಗೆ ಹೇಳಿಕೊಳ್ಳುತ್ತಿದ್ದಳು. ನೀನೂ ಹೇಳು, ಇಷ್ಟು ದಿನ ತಪ್ಪಾಗಿ ಕರೆದರೆಂದು ಆ ಸತ್ತವರು ಓಗೊಡಲಿಲ್ಲ, ಇನ್ನು ಕೊಡುತ್ತಾರೆ ಎಂದಳು. ನಾನು ಪದವೀಧರೆಯಂತೆ ಮುಗುಳ್ನಕ್ಕೆ.

ಶನಿವಾರದ ಮಧ್ಯಾಹ್ನ, ಖಾಲಿ ಆಫೀಸು. ಯಂತ್ರ ತಿದ್ದಿದ ಹೆಸರುಗಳನ್ನು ಓದತೊಡಗಿತು. ಪ್ರತಿ ಒಕಿನದಲ್ಲೂ ದನಿ ತಡೆಯಿತು. ಆ ತಡೆಯೊಳಗೆ ಯಾರೋ ಉಸಿರೆಳೆದುಕೊಂಡಂತಾಯಿತು. ಹೆಡ್‌ಫೋನ್ ತೆಗೆದಿಟ್ಟೆ. ಉಸಿರು ನಿಲ್ಲಲಿಲ್ಲ. ಹೀಟರಿನ ಸದ್ದಿರಬೇಕೆಂದುಕೊಂಡೆ, ಶನಿವಾರ ಹೀಟರ್ ಬಂದ್. ಹೆಡ್‌ಫೋನ್ ಮತ್ತೆ ಹಾಕಿಕೊಂಡೆ, ಅಷ್ಟರಲ್ಲಿ ಹೆಂಗಸೊಬ್ಬಳ ಹೆಸರಿನ ನಡುವೆ ದನಿ ನಿಂತೇಬಿಟ್ಟಿತು. ರೀಸ್ಟಾರ್ಟ್ ಮಾಡಿದೆ, ಮತ್ತೆ ಅಲ್ಲೇ ನಿಂತಿತು. ಕೊನೆಗೆ ಪದವಿಯ ಗಾಂಭೀರ್ಯವನ್ನೆಲ್ಲ ಬದಿಗಿಟ್ಟು ಖಾಲಿ ಕುರ್ಚಿಗಳಿಗೆ ಕೇಳುವಂತೆ ಹೇಳಿದೆ: 'ನಾನು ರಾಣೆಬೆನ್ನೂರಿನ ಗಂಗವ್ವನ ಮಗಳು, ರೇಣುಕಾ. ಓದಲೇನು?'

ದನಿ ಹೆಸರಿನ ಉಳಿದರ್ಧ ಹೇಳಿ ಮುಂದೆ ಸಾಗಿತು. ಸಾಫ್ಟ್‌ವೇರ್ ಎಂದರೆ ಹಾಗೇ ಎನ್ನುತ್ತೀರಿ ನೀವು. ವರದಿಯಲ್ಲಿ ನಾನೂ ಹಾಗೇ ಬರೆದೆ.

ದಾಖಲೆ ಪಾಸಾಯಿತು. ವಸಂತದಲ್ಲಿ ಇಲ್ಲಿಗೆ ಬಂದ ಅವ್ವನಿಗೆ ನಡೆದದ್ದನ್ನೆಲ್ಲ ನಗುತ್ತಲೇ ಹೇಳಿ ಆಫೀಸಿಗೆ ಕರೆದೊಯ್ದೆ. ಮ್ಯಾನೇಜರ್ ಸರ್ಟಿಫಿಕೇಟು ಕೊಟ್ಟು ಕೈಕುಲುಕಿದಳು. ಅದನ್ನು ಅವ್ವನ ಕೈಗಿತ್ತು, ಬಸಪ್ಪಮಾವನಿಗೆ ಕಳಿಸಲೆಂದೇ ಫೋಟೋ ತೆಗೆಯಹೊರಟೆ. ಅವ್ವ ಫೋನಿನತ್ತ ನೋಡಲಿಲ್ಲ. ನನ್ನ ಬೆನ್ನ ಹಿಂದಿನ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದಳು.

'ಎಲ್ಲಾರನ್ನೂ ಹೆಸರು ಹಿಡದು ಕರದಿ, ಖರೆ,' ಎಂದಳು ಮೆಲ್ಲಗೆ. 'ಹೊಳ್ಳಿ ನಿಮ್ಮ ಊರಿಗೆ ಹೋಗ್ರಿ ಅಂತ ಹೇಳೀಯೇನು?'