ಉಡಿಕೆಗೆ ಮುಂಚಿನ ಕರಾರು

ಅಜ್ಜಂಪುರದ ತೀರ್ಥಮ್ಮ ಗಂಡ ಸತ್ತ ಮೇಲೆ ತೆಂಗಿನ ತೋಟವನ್ನೂ ಮಗಳು ಗಿರಿಜೆಯನ್ನೂ ಒಬ್ಬಳೇ ಬೆಳೆಸಿದವಳು. ೧೯೭೭ರಲ್ಲಿ ಪಂಚನಹಳ್ಳಿಯ ಮಲ್ಲಿಕಾರ್ಜುನಪ್ಪನ ಜೊತೆ ಅವಳಿಗೆ ಉಡಿಕೆ ಗೊತ್ತಾಯಿತು. ಉಡಿಕೆಯೆಂದರೆ ವಿಧವೆಗೆ ಹೊಸ ಸೀರೆ ಉಡಿಸಿ ಮಾಡುವ ಮರುಮದುವೆ. ಓಲಗವಿಲ್ಲ, ಚಪ್ಪರವಿಲ್ಲ, ಆಡಿಕೊಳ್ಳುವವರಿಗೆ ಮಾತ್ರ ಕೊರತೆಯಿಲ್ಲ.

ತೋಟ ಗಿರಿಜೆಗೇ ಉಳಿಯಬೇಕೆಂದು ಗಂಡಾಗುವವನಿಂದ ಮೊದಲೇ ಕರಾರು ಬರೆಸಿಕೊಳ್ಳಬೇಕೆಂಬುದು ಅವಳ ಹಟ. ಊರಿಗೆ ತಿಳಿಯಬಾರದೆಂದು ಬಸ್ಸು ಹತ್ತಿ ತರೀಕೆರೆಯ ವಕೀಲ ಬಸವರಾಜಪ್ಪನವರ ಮನೆಗೆ ಹೋದಳು. ಗುಟ್ಟು ಹೇಳುವುದಕ್ಕೂ ನಮ್ಮ ಜನಕ್ಕೆ ನಮ್ಮವರೇ ಆದ ವಕೀಲರು ಬೇಕು!

ಗಂಡಿನ ಹೆಸರು ಕೇಳಿದ್ದೇ ವಕೀಲರು ಪೆನ್ನು ಕೆಳಗಿಟ್ಟರು. "ಅಯ್ಯೋ, ಮಲ್ಲಣ್ಣ ನನ್ನ ಷಡ್ಡಕನ ತಮ್ಮ ಕಣಮ್ಮಾ! ಲೇ ಇವಳೇ, ಕಾಫಿ ತಾರೇ, ನೆಂಟರು ಬಂದವ್ರೆ!"

ತೀರ್ಥಮ್ಮ ಕೈ ಅಡ್ಡ ಹಿಡಿದಳು. "ಕಾಫಿ ಬ್ಯಾಡಿ ಸ್ವಾಮಿ, ಕರಾರು ಬರೀರಿ."

"ನೆಂಟಸ್ತಿಕೇಲಿ ಕಾಗದ ಯಾಕಮ್ಮಾ? ಮಲ್ಲಣ್ಣಂಗೆ ನಾನೇ ಹೇಳ್ತೀನಿ ಬಿಡಿ."

"ಬಾಯಿಮಾತು ನಾಳೆಗೆ ಮರ್ತೋಗುತ್ತೆ. ನನ್ ಮಗಳಿಗೆ ಅವರಪ್ಪಂದು ಅಂತ ಇರೋದು ಆ ತೋಟ ಒಂದೇ. ನೀವು ಬರೀದಿದ್ರೆ ಕಡೂರಿಗೆ ಹೋಯ್ತೀನಿ."

"ಕಡೂರಲ್ಲಿ ಯಾರ ಹತ್ರ?"

ಅವಳು ಅಲ್ಲಿನ ವಕೀಲರೊಬ್ಬರ ಹೆಸರು ಹೇಳಿದಳು. ಬಸವರಾಜಪ್ಪನವರು ನಿಟ್ಟುಸಿರು ಬಿಟ್ಟರು. "ಅವರು ಮಲ್ಲಣ್ಣನ ಸೋದರಮಾವ."

ಅಷ್ಟರಲ್ಲಿ ಕಾಫಿ ಬಂತು. ತಾನು ಊರು ಮುಟ್ಟುವ ಮುಂಚೆಯೇ ಈ ಸುದ್ದಿ ಪಂಚನಹಳ್ಳಿ ಸೇರುತ್ತದೆಂದು ತೀರ್ಥಮ್ಮನಿಗೆ ಖಾತ್ರಿಯಾಯಿತು. ಲೋಟವನ್ನು ಹಾಗೇ ಕೆಳಗಿಟ್ಟಳು.

"ಹಂಗಾರೆ ಎಲ್ಲಾರಿಗೂ ನೀವೇ ಹೇಳ್ಬಿಡಿ ಸ್ವಾಮಿ," ಎಂದಳು. "ಅವರು ರುಜು ಹಾಕೋವರ್ಗೂ ನಾನು ಆ ಸೀರೆ ಉಡಲ್ಲ."